ಅತ್ತೆಯ ಮಂಡಿಗೆ ಸಿಕ್ಕ ಅಂಕ 0.25. ಈ ಲೆಕ್ಕ ಸರಿಯಾ?

ಕೊಥ್ರೂಡ್ ಸೊಸೆ (ಭಾನುವಾರ, ಬೆಳಿಗ್ಗೆ 10:12)

ಎಲ್ಲರಿಗೂ ನಮಸ್ಕಾರ. ನಿನ್ನೆ ನಮ್ಮ ಸೊಸೈಟಿಯಲ್ಲಿ ಕೀಲುನೋವಿನ ಶಿಬಿರ ಇತ್ತು. ಅತ್ತೆಯವರನ್ನು ಕರೆದುಕೊಂಡು ಹೋಗಿದ್ದೆ. ವಯಸ್ಸು 71, ಧಾರವಾಡದವರು, ಪುಣೆಗೆ ಬಂದು ಆರು ವರ್ಷ ಆಯಿತು. ಎರಡೂ ಮಂಡಿ ನೋವು.

ಒಬ್ಬ ಹುಡುಗ ಫಾರಂ ಹಿಡಿದುಕೊಂಡು ಹನ್ನೆರಡು ಪ್ರಶ್ನೆ ಕೇಳಿದ. ಒಂದೊಂದಕ್ಕೂ ನಾಲ್ಕು ಉತ್ತರ: ತೊಂದರೆ ಇಲ್ಲ, ಸ್ವಲ್ಪ ತೊಂದರೆ, ತುಂಬಾ ತೊಂದರೆ, ಆಗೋದೇ ಇಲ್ಲ. ಸೊನ್ನೆಯಿಂದ ಮೂರರ ತನಕ ಅಂಕ. ಅವನು ಮರಾಠಿಯಲ್ಲಿ ಕೇಳಿದ, ನಾನು ಕನ್ನಡದಲ್ಲಿ ಹೇಳಿದೆ.

"ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರೋಕೆ?"
"ಏನೂ ತ್ರಾಸಿಲ್ಲ ಬಿಡವಾ."

ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಅವರು ನೆಲದ ಮೇಲೆ ಕೂತು ಮೂರು ವರ್ಷ ಆಗಿದೆ!

"ಮೂರು ಕಿಲೋಮೀಟರ್ ನಡೆಯೋಕೆ?"
"ಯಾಕ ನಡೀಬೇಕು? ಆಟೋ ಅದಾವಲ್ಲ."

ಹುಡುಗ ಅದಕ್ಕೂ ಸೊನ್ನೆ ಹಾಕಿದ. ಕೊನೆಗೆ ಮೆಟ್ಟಿಲಿಗೆ 2, ಬಗ್ಗೋದಕ್ಕೆ 1. ಒಟ್ಟು 3. ಹನ್ನೆರಡರಿಂದ ಭಾಗಿಸಿ 0.25 ಅಂತ ಬರೆದ. "ಆಜಿ ಫಸ್ಟ್ ಕ್ಲಾಸ್" ಅಂತ ಹೇಳಿ ಕಳಿಸಿದ. ಫಸ್ಟ್ ಕ್ಲಾಸ್ ಆಜಿ ಮನೆಗೆ ಬಂದು, ಸೋಫಾದಿಂದ ಏಳೋಕೆ ಎರಡು ಸಲ ಕೈ ಊರಿದರು.

ನನ್ನ ಪ್ರಶ್ನೆ ಇಷ್ಟೇ. ಇಂಥ ಫಾರಂಗಳನ್ನೇ ಒಟ್ಟು ಹಾಕಿ ತಾನೇ "ಇಷ್ಟು ಜನಕ್ಕೆ ಕೀಲುನೋವು, ಅವರಿಗೆ ಇಷ್ಟು ತೊಂದರೆ" ಅಂತ ಲೆಕ್ಕ ಮಾಡೋದು? ಹೀಗಾದರೆ ಅದನ್ನು ನಂಬೋದು ಹೇಗೆ?

ಡೊಂಬಿವಲಿ ರಾಯರು (10:31)

ವಯಸ್ಸಾದ ಮೇಲೆ ಮಂಡಿ ನೋಯೋದು ಇದ್ದದ್ದೇ. ಅದಕ್ಕೂ ಮಾರ್ಕ್ಸ್ ಕಾರ್ಡ್ ಬೇಕಾ?

ಮುಲುಂಡ್ ಫಿಸಿಯೋ (10:58)

ಬೇಕು ರಾಯರೇ. ಅಳೆಯದೇ ಇದ್ದರೆ "ಇದ್ದದ್ದೇ" ಅಂತ ಎಲ್ಲರೂ ಸುಮ್ನೆ ಕೂರ್ತಾರೆ.

ಅಕ್ಕ, ನೀವು ಹೇಳಿದ ಹನ್ನೆರಡು ಪ್ರಶ್ನೆ ನೋಡಿದರೆ ಅದು ಎಚ್‌ಎಕ್ಯೂ, ಅಂದರೆ ದಿನದ ಕೆಲಸಕ್ಕೆ ಎಷ್ಟು ತೊಂದರೆ ಅಂತ ಅಳೆಯೋ ಫಾರಂನ ಭಾರತೀಯ ರೂಪ ಅನಿಸುತ್ತೆ. ಮೂಲ ಫಾರಂ 1980ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬಂತು. ಅದರಲ್ಲಿ ಏನೇನು ಕೇಳ್ತಾರೆ ಗೊತ್ತಾ? ಮಾಂಸ ಕತ್ತರಿಸೋಕೆ ಆಗುತ್ತಾ, ಟಬ್ಬಿನಲ್ಲಿ ಸ್ನಾನ ಮಾಡೋಕೆ ಆಗುತ್ತಾ, ವ್ಯಾಕ್ಯೂಮ್ ಕ್ಲೀನರ್ ಹಾಕೋಕೆ ಆಗುತ್ತಾ, ಹೊಸ ಹಾಲಿನ ಡಬ್ಬಿ ತೆಗೆಯೋಕೆ ಆಗುತ್ತಾ. ದೆಹಲಿಯ ಏಮ್ಸ್‌ನವರು 2002ರಲ್ಲಿ ಅದನ್ನು ನಮ್ಮ ಬದುಕಿಗೆ ಹೊಂದಿಸಿದರು. ಸೀರೆ, ಧೋತರ ಉಡೋದು, ಕುಕ್ಕರಗಾಲಲ್ಲಿ ಕೂರೋದು, ಆಟೋ ಹತ್ತೋದು, ತರಕಾರಿ ಮಾರ್ಕೆಟ್‌ಗೆ ಹೋಗೋದು, ಇವೆಲ್ಲ ಬಂದವು. ಹಾಗಾಗಿ ಪ್ರಶ್ನೆ ಕೆಟ್ಟದ್ದಲ್ಲ. ಕೇಳಿದ ರೀತಿ ಕೆಟ್ಟದ್ದು.

ನಾನು "ತೊಂದರೆ ಇದೆಯಾ" ಅಂತ ಕೇಳೋದನ್ನೇ ಬಿಟ್ಟಿದ್ದೇನೆ. "ಕೊನೇ ಸಲ ನೆಲದ ಮೇಲೆ ಕೂತಿದ್ದು ಯಾವಾಗ?" ಅಂತ ಕೇಳ್ತೇನೆ. ಆಗ ಹಬ್ಬದ ಹೆಸರು ಹೇಳೋಕೆ ಶುರು ಮಾಡ್ತಾರೆ. "ಹೋದ ಗಣಪತಿ... ಅಲ್ಲ ಅಲ್ಲ, ಅದರ ಹಿಂದಿನದು." ನನಗೆ ಉತ್ತರ ಸಿಕ್ಕಿರುತ್ತೆ.

ಮಾಟುಂಗಾ ಕಾಫಿ (11:05)

ಟಬ್ಬಿನ ಸ್ನಾನ! ನಮ್ಮ ಚಾಳಿನ ಮೋರಿಯಲ್ಲಿ ಬಕೆಟ್ ಇಟ್ಟರೆ ಮನುಷ್ಯನಿಗೆ ಜಾಗ ಇಲ್ಲ, ಮನುಷ್ಯ ನಿಂತರೆ ಬಕೆಟ್‌ಗೆ ಜಾಗ ಇಲ್ಲ. ಆ ಫಾರಂ ತಂದು ನಮ್ಮಜ್ಜಿಗೆ "ಮಾಂಸ ಕತ್ತರಿಸ್ತೀರಾ" ಅಂತ ಕೇಳಿದ್ದರೆ, ಕೇಳಿದವನ ಮಂಡಿ ಉಳೀತಿರಲಿಲ್ಲ.

ಔಂಧ್ ಅಂಕಿ (11:40)

ಇಲ್ಲಿ ಎರಡು ವಿಷಯ ಬೆರೆತಿವೆ. ಒಬ್ಬರ ತೊಂದರೆ ಅಳೆಯೋದು ಬೇರೆ, ಊರಿನ, ದೇಶದ ತೊಂದರೆ ಅಳೆಯೋದು ಬೇರೆ. ನನ್ನ ಕೆಲಸವೇ ಅಂಕಿಅಂಶ, ಹಾಗಾಗಿ ಸ್ವಲ್ಪ ಉದ್ದ ಆಗುತ್ತೆ, ಬೈಬೇಡಿ.

ಮಂಡಿನೋವಿನಿಂದ ಯಾರೂ ಸಾಯಲ್ಲ. ಮರಣಪತ್ರದಲ್ಲಿ ಅದರ ಹೆಸರು ಬರಲ್ಲ. ಸತ್ತವರನ್ನು ಮಾತ್ರ ಎಣಿಸುತ್ತಿದ್ದ ಕಾಲದಲ್ಲಿ ಇದು ಲೆಕ್ಕಕ್ಕೇ ಇರಲಿಲ್ಲ. 1990ರ ದಶಕದಲ್ಲಿ ‘ಡ್ಯಾಲಿ’ ಅನ್ನೋ ಅಳತೆ ಬಂದ ಮೇಲೆ ಚಿತ್ರ ಬದಲಾಯಿತು. ಅಕಾಲದಲ್ಲಿ ಸತ್ತು ಕಳೆದುಕೊಂಡ ವರ್ಷಗಳಿಗೆ, ಕಾಯಿಲೆಯಲ್ಲಿ ನರಳಿಕೊಂಡು ಬದುಕಿದ ವರ್ಷಗಳನ್ನೂ ಕೂಡಿಸೋದು. ಆದರೆ ನರಳಿದ ವರ್ಷ ಅಂದರೆ ಪೂರ್ತಿ ವರ್ಷ ಅಲ್ಲ, ಅದಕ್ಕೊಂದು ತೂಕ ಇದೆ. ಪೂರ್ತಿ ಆರೋಗ್ಯಕ್ಕೆ 0, ಸಾವಿಗೆ 1. ಮಂಡಿ ಸವೆತ ಸ್ವಲ್ಪ ಇದ್ದರೆ 0.023, ಮಧ್ಯಮ ಇದ್ದರೆ 0.079, ಜೋರಾಗಿದ್ದರೆ 0.165. ಅಂದರೆ ಜೋರು ನೋವಿನಲ್ಲಿ ಹತ್ತು ವರ್ಷ ಕಳೆದರೆ, ಒಂದೂವರೆ ವರ್ಷಕ್ಕಿಂತ ಸ್ವಲ್ಪ ಜಾಸ್ತಿ ಬದುಕು ಹೋಯಿತು ಅಂತ ಲೆಕ್ಕ.

ಈ ಅಳತೆ ಇಟ್ಟುಕೊಂಡು ಎಲ್ಲ ದೇಶಗಳ ಕಾಯಿಲೆ ಲೆಕ್ಕ ಹಾಕೋ ಜಾಗತಿಕ ಅಧ್ಯಯನ ಒಂದಿದೆ. ಅದರ ಪ್ರಕಾರ ಭಾರತದಲ್ಲಿ ಕೀಲು ಸವೆತ ಇದ್ದವರು 1990ರಲ್ಲಿ ಸುಮಾರು 2.3 ಕೋಟಿ, 2019ರಲ್ಲಿ ಸುಮಾರು 6.2 ಕೋಟಿ.

ಡೊಂಬಿವಲಿ ರಾಯರು (11:52)

ಜನಸಂಖ್ಯೆಯೂ ಏರಿದೆಯಲ್ಲ ಮಾರಾಯ್ರೆ. ಅದರಲ್ಲಿ ಏನು ದೊಡ್ಡ ವಿಷಯ?

ಔಂಧ್ ಅಂಕಿ (11:59)

ಜನಸಂಖ್ಯೆ ಒಂದೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ ಆಗಿದೆ. ನೋವಿನವರು ಎರಡೂವರೆ ಪಟ್ಟು ದಾಟಿದ್ದಾರೆ. ನಾವು ಮೊದಲಿಗಿಂತ ಹೆಚ್ಚು ವರ್ಷ ಬದುಕ್ತಿದ್ದೇವೆ, ಮಂಡಿ ಹಳೇದೇ.

ವಾಸ್ಕೋ ಬಸಣ್ಣ (12:20)

ಸರ್, ಆ 0.165 ಯಾರು ಕೊಟ್ಟಿದ್ದು? ಡಾಕ್ಟರಾ? ನೋವು ಇದ್ದವರಾ?

ಔಂಧ್ ಅಂಕಿ (12:34)

ಒಳ್ಳೇ ಪ್ರಶ್ನೆ. ಇಬ್ಬರೂ ಅಲ್ಲ, ಸಾಮಾನ್ಯ ಜನ. ಆ ಜಾಗತಿಕ ಅಧ್ಯಯನದ 2010ರ ಸುತ್ತಿನಲ್ಲಿ ಬಾಂಗ್ಲಾದೇಶ, ಇಂಡೋನೇಷ್ಯಾ, ಪೆರು, ತಾಂಜಾನಿಯಾದಲ್ಲಿ ಮನೆಮನೆಗೆ ಹೋದರು, ಅಮೆರಿಕದಲ್ಲಿ ಫೋನ್ ಮಾಡಿದರು, ಜೊತೆಗೆ ಇಂಟರ್‌ನೆಟ್‌ನಲ್ಲೂ ಕೇಳಿದರು. ಇಬ್ಬರು ಕಾಲ್ಪನಿಕ ಮನುಷ್ಯರ ಸ್ಥಿತಿ ಓದಿ ಹೇಳಿ, "ಇವರಲ್ಲಿ ಹೆಚ್ಚು ಆರೋಗ್ಯವಂತ ಯಾರು" ಅಂತ ಕೇಳೋದು. ಅಂಥ ಸಾವಿರಾರು ಉತ್ತರಗಳಿಂದ ತೂಕ ತೆಗೆದರು, 2013ರ ಸುತ್ತಿನಲ್ಲಿ ಯುರೋಪಿನವರ ಉತ್ತರಗಳನ್ನೂ ಸೇರಿಸಿ ಸ್ವಲ್ಪ ತಿದ್ದಿದರು. ಮನೆಮನೆಗೆ ಹೋದ ದೇಶಗಳಲ್ಲಿ ಭಾರತ ಇರಲಿಲ್ಲ.

ವಾಸ್ಕೋ ಬಸಣ್ಣ (13:10)

ಅಲ್ಲೇ ನೋಡ್ರಿ ಗೊಂದಲ.

ನಾನು ಗದಗ ಕಡೆಯವನು. ಗೋವಾಕ್ಕೆ ಬಂದು 19 ವರ್ಷ. ಗಾರೆ ಕೆಲಸದಿಂದ ಶುರು ಮಾಡಿ ಈಗ ಸಣ್ಣ ಪುಟ್ಟ ಕಾಂಟ್ರಾಕ್ಟ್ ಹಿಡೀತೀನಿ. ನಮ್ಮ ಕೆಲಸದಲ್ಲಿ ಮಂಡಿ ಹೋದರೆ 0.165 ಅಲ್ಲ, ಪೂರ್ತಿ 1. ಟೈಲ್ಸ್ ಹಾಕೋನು ದಿನವಿಡೀ ಮಂಡಿ ಊರಿಯೇ ಕೂರಬೇಕು. ಕೂರೋಕೆ ಆಗಲಿಲ್ಲ ಅಂದರೆ ಮಾರನೇ ದಿನ ಬೇರೆಯವನು ಬರ್ತಾನೆ. ಕುರ್ಚಿ ಮೇಲೆ ಕೂತು ಕಂಪ್ಯೂಟರ್ ಒತ್ತೋರಿಗೆ ಅದೇ ಮಂಡಿ, ಅದೇ ನೋವು. ಪಗಾರ ಮಾತ್ರ ನಿಲ್ಲಲ್ಲ.

ಇನ್ನೊಂದು ವಿಷಯ ಹೇಳ್ತೀನಿ. ನಾಲ್ಕು ವರ್ಷದ ಹಿಂದೆ ನಮ್ಮ ಲೇಬರ್ ಶೆಡ್‌ಗೆ ಯಾರೋ ಆರೋಗ್ಯ ಸರ್ವೆಗೆ ಬಂದಿದ್ದರು. ಮೂವತ್ತು ಜನರನ್ನು ಸಾಲಾಗಿ ಕೇಳಿದರು. "ಮಂಡಿನೋವು ಇದೆಯಾ?" ಎಲ್ಲರೂ ಇಲ್ಲ ಅಂದರು. ಸುಳ್ಳು ಹೇಳಲಿಲ್ಲ, ನಿಜವಾಗಿ ಇರಲಿಲ್ಲ. ನೋವು ಇದ್ದ ನಾಲ್ವರು ಅಷ್ಟರಲ್ಲಿ ಊರಿಗೆ ವಾಪಸ್ ಹೋಗಿದ್ದರು. ಅವರಲ್ಲೊಬ್ಬ ನನ್ನ ಚಿಗವ್ವನ ಮಗ. ಈಗ ರೋಣದ ಹತ್ತಿರ ಹೊಲದ ಬದುವಿನ ಮೇಲೆ ಕೂತು ಕುರಿ ಕಾಯ್ತಾನೆ, ವಯಸ್ಸು 44. ಅವನು ಗೋವಾದ ಲೆಕ್ಕದಲ್ಲೂ ಇಲ್ಲ. ಊರಲ್ಲಿ ಯಾರಾದರೂ ಕೇಳಿದರೆ "ಕುರಿ ಕಾಯೋಕೆ ಏನ್ ತ್ರಾಸ್" ಅಂತಾನೆ. ಅಲ್ಲೂ ಇಲ್ಲ.

ಮುಲುಂಡ್ ಫಿಸಿಯೋ (13:22)

ಬಸಣ್ಣ, ಇದು ಅಕ್ಕನ ಅತ್ತೆಯ ಕಥೆಯೇ ಅಲ್ವಾ? ಅವರು ನೆಲ ಬಿಟ್ಟರು, ಅದಕ್ಕೇ ತೊಂದರೆ ಇಲ್ಲ. ನಿಮ್ಮ ಹುಡುಗರು ಕೆಲಸ ಬಿಟ್ಟರು, ಅದಕ್ಕೇ ಶೆಡ್‌ನಲ್ಲಿ ತೊಂದರೆ ಇಲ್ಲ.

ಔಂಧ್ ಅಂಕಿ (13:30)

ಇದಕ್ಕೆ ನಮ್ಮಲ್ಲಿ ಹೆಸರೇ ಇದೆ, ‘ಆರೋಗ್ಯವಂತ ಕಾರ್ಮಿಕ’ ದೋಷ ಅಂತ. ಕೆಲಸದ ಜಾಗದಲ್ಲಿ ಎಣಿಸಿದರೆ ಉಳಿದುಕೊಂಡವರು ಮಾತ್ರ ಸಿಗ್ತಾರೆ. ಅದಕ್ಕೇ ಮನೆಮನೆಗೆ ಹೋಗಬೇಕು ಅನ್ನೋದು.

ಹೋದವರೂ ಇದ್ದಾರೆ, ಅದೂ ನಮ್ಮ ಪುಣೆ ಜಿಲ್ಲೆಯಲ್ಲೇ. ಭಿಗವಣ ಗೊತ್ತಲ್ಲ, ಸೋಲಾಪುರ ರಸ್ತೆಯಲ್ಲಿ? 1996ರಲ್ಲಿ ಡಾ. ಅರವಿಂದ ಚೋಪ್ರಾ ಅವರ ತಂಡ ಅಲ್ಲಿ ಕೆಲಸ ಶುರು ಮಾಡಿತು. ಕಾಪ್‌ಕಾರ್ಡ್ ಅಂತ, ಊರೂರಲ್ಲಿ ಕೀಲುನೋವು ಎಣಿಸೋಕೆ ವಿಶ್ವ ಆರೋಗ್ಯ ಸಂಸ್ಥೆಯವರು ಸೇರಿ 1981ರಲ್ಲಿ ಶುರು ಮಾಡಿದ ಕಾರ್ಯಕ್ರಮ, ಅದರ ಅಡಿಯಲ್ಲಿ. ಶಿಬಿರ ಹಾಕಿ "ಬನ್ನಿ" ಅಂತ ಕರೆಯಲಿಲ್ಲ. ತರಬೇತಿ ಕೊಟ್ಟ ಊರಿನ ಕಾರ್ಯಕರ್ತರು ಮನೆ ಮನೆ ತಿರುಗಿದರು. ಮನುಷ್ಯನ ಚಿತ್ರ ತೋರಿಸಿ, ಎಲ್ಲಿ ನೋವು ಅಂತ ಗುರುತು ಮಾಡಿಸಿದರು. ನೋವು ಅಂದವರನ್ನು ಡಾಕ್ಟರು ಆಮೇಲೆ ಪರೀಕ್ಷೆ ಮಾಡಿದರು. ನಾಲ್ಕು ಸಾವಿರ ದಾಟಿದ ವಯಸ್ಕರಲ್ಲಿ ಸುಮಾರು 18 ಪರ್ಸೆಂಟ್ ಜನಕ್ಕೆ ಕೀಲು, ಮೂಳೆ, ಸ್ನಾಯುಗಳ ನೋವು ಇತ್ತು. ರುಮಟಾಯ್ಡ್, ಅಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿಬೀಳೋ ಕಾಯಿಲೆ, 0.5 ಪರ್ಸೆಂಟ್, ಅಂದರೆ ಇನ್ನೂರಕ್ಕೆ ಒಬ್ಬರು.

ಮಾಟುಂಗಾ ಕಾಫಿ (13:41)

ಭಿಗವಣ ಅಂದರೆ ಉಜನಿ ಹಿನ್ನೀರಿನ ಫ್ಲೆಮಿಂಗೋ ಊರು ತಾನೇ? ಕಲಬುರ್ಗಿಗೆ ಹೋಗೋವಾಗ ನೋಡಿದ್ದೀವಿ. ಹಕ್ಕಿ ಒಂಟಿ ಕಾಲಲ್ಲಿ ಗಂಟೆಗಟ್ಟಲೆ ನಿಲ್ಲುತ್ತೆ. ಮಂಡಿ ಅಂದರೆ ಅದು!

ಡೊಂಬಿವಲಿ ರಾಯರು (13:44)

ಹಕ್ಕಿ ಬಿಡಿ, ಅಲ್ಲಿ ಮೀನೂಟ ಭಾರಿ ಚಂದ ಅಂತಾರೆ. ಯಾರಾದರೂ ತಿಂದಿದ್ದೀರಾ?

ಮುಲುಂಡ್ ಫಿಸಿಯೋ (13:50)

ಕಾಫಿಯವರೇ, ಫ್ಲೆಮಿಂಗೋದಲ್ಲಿ ಹಿಂದಕ್ಕೆ ಮಡಚೋದು ಮಂಡಿ ಅಲ್ಲ, ಹಿಮ್ಮಡಿ ಕೀಲು. ಮಂಡಿ ಮೇಲೆ ಪುಕ್ಕದ ಒಳಗಿರುತ್ತೆ. ಭಾನುವಾರಕ್ಕೆ ಇಷ್ಟು ಸಾಕು.

ಮಡಗಾಂವ್ ಟೀಚರ್ (15:15)

ಎಲ್ಲರೂ ಮಂಡಿ ಮಂಡಿ ಅಂತಿದ್ದೀರಿ. ರುಮಟಾಯ್ಡ್ ಬೇರೆ ಕಾಯಿಲೆ, ಅದನ್ನೂ "ವಾತ" ಅಂತ ಒಂದೇ ಚೀಲಕ್ಕೆ ಹಾಕಬೇಡಿ. ಸವೆತದಲ್ಲಿ ಬೆಳಗಿನ ಬಿಗಿತ ಅರ್ಧ ಗಂಟೆಯೊಳಗೆ ಹೋಗುತ್ತೆ. ನಮಗೆ ಒಂದು ಗಂಟೆ ದಾಟಿದರೂ ಕೈ ಬಿಚ್ಚಲ್ಲ. ನನಗೆ 34ನೇ ವಯಸ್ಸಿಗೇ ಬಂತು. ಅದು ವಯಸ್ಸಾದವರ ಕಾಯಿಲೆ ಅಲ್ಲ ರಾಯರೇ. ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಜಾಸ್ತಿ.

ಅಳತೆ ವಿಷಯಕ್ಕೆ ಬರೋಣ. ಡಾಕ್ಟರು ನನಗೆ ಹಾಕೋದು ಡಿಎಎಸ್ 28 ಅನ್ನೋ ಅಂಕ, ಕಾಯಿಲೆ ಎಷ್ಟು ಜೋರಾಗಿದೆ ಅಂತ ತಿಳಿಯೋಕೆ. 28 ಕೀಲು ಒಂದೊಂದಾಗಿ ಒತ್ತಿ ನೋಡ್ತಾರೆ, ರಕ್ತದ ರಿಪೋರ್ಟ್ ಸೇರಿಸ್ತಾರೆ, ನನ್ನ ಕೈಗೊಂದು ಗೆರೆ ಕೊಟ್ಟು "ಒಟ್ಟಾರೆ ಹೇಗಿದ್ದೀರಿ, ಗುರುತು ಹಾಕಿ" ಅಂತಾರೆ. ಎಲ್ಲ ಸರಿ. ಆದರೆ ಆ 28ರಲ್ಲಿ ಪಾದದ ಕೀಲು ಇಲ್ಲವೇ ಇಲ್ಲ! ನನಗೆ ನೋವು ಇರೋದೇ ಪಾದದಲ್ಲಿ. ಆರು ಪೀರಿಯಡ್ ನಿಂತು ಪಾಠ ಮಾಡೋಳಿಗೆ ಅದೇ ಮುಖ್ಯ. ಒಂದು ಸಲ ಅಂಕ ಚೆನ್ನಾಗಿ ಬಂತು ಅಂತ ಡಾಕ್ಟರು ನಕ್ಕರು. ನಾನು ಚಪ್ಪಲಿ ಬಿಟ್ಟು ಕಾಲು ತೋರಿಸಿದೆ.

ಇನ್ನೊಂದು ತಮಾಷೆ. ನನ್ನ ಅಪಾಯಿಂಟ್‌ಮೆಂಟ್ ಯಾವಾಗಲೂ ಸಂಜೆ ನಾಲ್ಕಕ್ಕೆ. ಆ ಹೊತ್ತಿಗೆ ನಾನು ಮನುಷ್ಯಳಾಗಿರ್ತೀನಿ. ಬೆಳಿಗ್ಗೆ ಆರಕ್ಕೆ ಬಂದು ನೋಡಲಿ. ಕುಕ್ಕರ್ ಮುಚ್ಚಳ ತಿರುಗಿಸೋಕೆ ಮಗನನ್ನು ಎಬ್ಬಿಸ್ತೀನಿ. ಸೀರೆ ಬಿಟ್ಟು ಕುರ್ತಾಕ್ಕೆ ಬಂದಿದ್ದು ಫ್ಯಾಷನ್‌ಗೆ ಅಂತ ಸ್ಟಾಫ್‌ರೂಮಿನವರು ಅಂದುಕೊಂಡಿದ್ದಾರೆ. ನೆರಿಗೆ ಹಿಡಿಯೋಕೆ ಬೆರಳು ಕೇಳ್ತಿರಲಿಲ್ಲ, ಅಷ್ಟೇ.

ಕೊಥ್ರೂಡ್ ಸೊಸೆ (15:32)

ಟೀಚರ್, ನೆರಿಗೆ ವಿಷಯ ಓದಿ ಸುಮ್ನೆ ಕೂತೆ. ನಮ್ಮತ್ತೆ ಈ ನಡುವೆ ಯಾವಾಗಲೂ ನೈಟಿಯಲ್ಲೇ ಇರ್ತಾರೆ. ಸೆಕೆಗೆ ಅಂದುಕೊಂಡಿದ್ದೆ.

ಸಾಂತಾಕ್ರೂಜ್ ಹೋಟೆಲ್ (16:05)

ಇಷ್ಟೆಲ್ಲ ಅಳತೆ ಯಾಕೆ? ನಮ್ಮಲ್ಲಿ ಒಬ್ಬರು ಪುಡಿ ಕೊಡ್ತಾರೆ. ನಮ್ಮ ದೊಡ್ಡಮ್ಮನಿಗೆ ಮೂರು ದಿನಕ್ಕೆ ನೋವು ಮಾಯ. ಬೇಕಾದವರು ನಂಬರ್ ಕೇಳಿ.

ಮಡಗಾಂವ್ ಟೀಚರ್ (16:09)

ಮೂರು ದಿನಕ್ಕೆ ಮಾಯ ಆದರೆ ಅದರಲ್ಲಿ ಸ್ಟೀರಾಯ್ಡ್ ಇರಬಹುದು ಅಂತ ಅನುಮಾನ ಪಡಿ. ಹೆಸರಿಲ್ಲದ ಪುಡಿ ನಾನೂ ತಿಂದಿದ್ದೆ, ಎಂಟು ತಿಂಗಳು. ಮುಖ ಊದಿತು, ಸಕ್ಕರೆ ಏರಿತು. ನಿಲ್ಲಿಸಿದ ವಾರಕ್ಕೆ ನೋವು ಇಮ್ಮಡಿ ಆಗಿ ಬಂತು. ನಿಮ್ಮ ದೊಡ್ಡಮ್ಮ ಈಗಲೂ ತಿಂತಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ, ಪುಡಿ ಸಮೇತ ಡಾಕ್ಟರ ಹತ್ತಿರ ಹೋಗಿ.

ನಿರ್ವಾಹಕ (16:20)

ಔಷಧಿ ಕೊಡೋರ ನಂಬರ್ ಇಲ್ಲಿ ಹಾಕೋ ಹಾಗಿಲ್ಲ, ಕೇಳೋ ಹಾಗೂ ಇಲ್ಲ. ಚರ್ಚೆ ಮುಂದುವರಿಸಿ.

ಸಾಂತಾಕ್ರೂಜ್ ಹೋಟೆಲ್ (16:48)

ಸರಿ ಸರಿ. ಟೀಚರ್, ಕೋಪ ಬೇಡ. ನಾಳೆಯೇ ದೊಡ್ಡಮ್ಮನಿಗೆ ಹೇಳ್ತೇನೆ.

ಆದರೂ ಒಂದು ಮಾತು. ಆಪರೇಷನ್ ಎಷ್ಟಾಯಿತು ಅಂತ ಎಣಿಸಿದರೆ ಸಾಕಲ್ಲ? ಜೋರು ನೋವಿದ್ದವರೆಲ್ಲ ಮಂಡಿ ಬದಲಾಯಿಸಿಕೊಳ್ತಾರೆ. ವಾಜಪೇಯಿ ಅವರೇ ಇಲ್ಲಿ ಮುಂಬೈಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಮಾಡಿಸಿಕೊಂಡಿದ್ದರು, 2000ದಲ್ಲಿ ಒಂದು, 2001ರಲ್ಲಿ ಇನ್ನೊಂದು.

ಔಂಧ್ ಅಂಕಿ (17:02)

ಆಪರೇಷನ್ ಎಣಿಸಿದರೆ ನೋವಿನ ಲೆಕ್ಕ ಸಿಗಲ್ಲ, ದುಡ್ಡಿನ ಲೆಕ್ಕ ಸಿಗುತ್ತೆ. 2017ರ ಆಗಸ್ಟ್‌ನಲ್ಲಿ ಸರ್ಕಾರ ಕೃತಕ ಮಂಡಿಯ ಬೆಲೆಗೆ ಮಿತಿ ಹಾಕಿತು. ಜಾಸ್ತಿ ಬಳಸೋ ಕೋಬಾಲ್ಟ್ ಕ್ರೋಮಿಯಂ ಮಂಡಿ ಒಂದೂವರೆ ಲಕ್ಷದ ಮೇಲಿದ್ದದ್ದು 54,720ಕ್ಕೆ ಇಳಿಯಿತು, ತೆರಿಗೆ ಬೇರೆ. ಬೆಲೆ ಇಳಿದು ಆಪರೇಷನ್ ಏರಿದರೆ ನೋವು ಏರಿತು ಅಂತ ಹೇಳೋಕಾಗುತ್ತಾ? ಬಸಣ್ಣನ ತಮ್ಮ ಆ ಲೆಕ್ಕದಲ್ಲೂ ಬರಲ್ಲ.

ಮುಲುಂಡ್ ಫಿಸಿಯೋ (17:10)

ಎಕ್ಸ್‌ರೇ ಎಣಿಸೋಣ ಅಂತ ಯಾರಾದರೂ ಹೇಳೋಕೆ ಮುಂಚೆ ನಾನೇ ಹೇಳಿಬಿಡ್ತೇನೆ. 1957ರಿಂದ ಎಕ್ಸ್‌ರೇಗೆ 0ಯಿಂದ 4ರ ತನಕ ಗ್ರೇಡ್ ಕೊಡೋ ಪದ್ಧತಿ ಇದೆ. 4 ಬಂದವರು ನನ್ನ ಕ್ಲಿನಿಕ್‌ಗೆ ನಡೆದುಕೊಂಡು ಬರ್ತಾರೆ, 2 ಬಂದವರನ್ನು ಮಗ ಎತ್ತಿಕೊಂಡು ಬರ್ತಾನೆ. ಚಿತ್ರಕ್ಕೂ ನೋವಿಗೂ ಅಷ್ಟಕ್ಕಷ್ಟೇ.

ಡೊಂಬಿವಲಿ ರಾಯರು (18:30)

ಬೆಳಿಗ್ಗೆ ನಾನು ಸ್ವಲ್ಪ ಒರಟಾಗಿ ಬರೆದೆ. ಈಗ ನನ್ನ ಕಥೆ ಕೇಳಿ.

31 ವರ್ಷ ಹೋಟೆಲಿನಲ್ಲಿ ಕೆಲಸ ಮಾಡಿದೆ, ಅದರಲ್ಲಿ 20 ವರ್ಷ ದೋಸೆ ಕಾವಲಿ ಮುಂದೆ. ಬೆಳಿಗ್ಗೆ ಐದೂವರೆಗೆ ನಿಂತರೆ ಹನ್ನೊಂದರ ತನಕ, ಮತ್ತೆ ಮೂರರಿಂದ ರಾತ್ರಿ ಒಂಬತ್ತು. ನಿಂತಲ್ಲೇ ಊಟ. ಒಂದು ದಿನವೂ ಮಂಡಿನೋವು ಅಂತ ರಜೆ ಹಾಕಿದವನಲ್ಲ.

ನಿವೃತ್ತಿ ಆದ ಮೇಲೆ ವಾರಕ್ಕೆರಡು ಸಲ ಮಾಟುಂಗಾಕ್ಕೆ ಹೋಗ್ತಿದ್ದೆ. ಹಳೇ ಗೆಳೆಯರು, ಒಂದು ಕಾಫಿ, ಒಂದಿಷ್ಟು ಹರಟೆ. ಕ್ರಮೇಣ ಏನಾಯಿತು ನೋಡಿ. ಮೊದಲು ಎಸ್ಕಲೇಟರ್ ಇರೋ ಕಡೆಯಿಂದ ಮಾತ್ರ ಪ್ಲಾಟ್‌ಫಾರ್ಮ್‌ಗೆ ಹೋಗೋಕೆ ಶುರು ಮಾಡಿದೆ. ಆಮೇಲೆ ಅದು ಕೆಟ್ಟ ದಿನ ಮನೆಗೆ ವಾಪಸ್ ಬಂದೆ. ಆಮೇಲೆ ವಾರಕ್ಕೊಂದು ಸಲ ಆಯಿತು, ತಿಂಗಳಿಗೊಂದಾಯಿತು. ಈಗ ಹೋಗಲ್ಲ. ಹೆಂಡತಿ ಕೇಳಿದರೆ "ಆ ಹರಟೆ ಬೇಜಾರು" ಅಂತೀನಿ.

ನೀವು ಫಾರಂ ತಂದು "ಮೆಟ್ಟಿಲು ಹತ್ತೋಕೆ ತೊಂದರೆ ಇದೆಯಾ" ಅಂದರೆ ನಾನೂ ಇಲ್ಲ ಅಂತಲೇ ಬರೀತಿದ್ದೆ. ನಮ್ಮ ಬಿಲ್ಡಿಂಗ್‌ನಲ್ಲಿ ಲಿಫ್ಟ್ ಇದೆ.

ಮಾಟುಂಗಾ ಕಾಫಿ (18:37)

ರಾಯರೇ, ಬರೋ ಶನಿವಾರ ನಾನು ಡೊಂಬಿವಲಿಗೇ ಬರ್ತೇನೆ. ಕಾಫಿ ನಿಮ್ಮನೆಯಲ್ಲಿ.

ಪಣಜಿ ಪ್ರೇಕ್ಷಕ (19:20)

ಎಲ್ಲ ಓದಿದೆ. ನನ್ನ ಅಳತೆ ಸುಲಭ, ಕುರ್ಚಿ ಎಣಿಸಿ. ನಮ್ಮ ಕನ್ನಡ ಬಳಗದ ಸತ್ಯನಾರಾಯಣ ಪೂಜೆಗೆ ಮೊದಲು ಜಮಖಾನ ಹಾಸಿ, ಗೋಡೆ ಪಕ್ಕ ನಾಲ್ಕು ಕುರ್ಚಿ ಇಡ್ತಿದ್ದೆವು. ಈಗ ಎಲ್ಲ ಕುರ್ಚಿ, ಭಟ್ಟರೊಬ್ಬರೇ ಕೆಳಗೆ. ಅವರೂ ಹೋದ ವರ್ಷ ಸ್ಟೂಲ್ ಕೇಳಿದರು.

2006ರ ಚಿಕುನ್‌ಗುನ್ಯಾ ಮರೀಬೇಡಿ. ಜ್ವರ ವಾರಕ್ಕೆ ಹೋಯಿತು, ನಮ್ಮಪ್ಪನ ಮಣಿಕಟ್ಟಿನ ನೋವು ಎರಡು ವರ್ಷ ಇತ್ತು. ಸರ್ಕಾರ ಎಣಿಸಿದ್ದು ಜ್ವರವನ್ನು.

ಕೊಥ್ರೂಡ್ ಸೊಸೆ (ಸೋಮವಾರ, ರಾತ್ರಿ 9:48)

ಒಂದು ಸುದ್ದಿ. ಇವತ್ತು ಮಧ್ಯಾಹ್ನ ಅತ್ತೆಯ ಜೊತೆ ಕೂತು ಅದೇ ಹನ್ನೆರಡು ಪ್ರಶ್ನೆ ಮತ್ತೆ ಕೇಳಿದೆ, ಫಿಸಿಯೋ ಹೇಳಿದ ಹಾಗೆ "ಕೊನೇ ಸಲ ಯಾವಾಗ" ಅಂತ. ಒಟ್ಟು 15 ಬಂತು. ಅಂದರೆ 1.25. ಎರಡು ದಿನದಲ್ಲಿ ಐದು ಪಟ್ಟು!

ಆಮೇಲೆ ಫಾರಂನಲ್ಲಿ ಇಲ್ಲದ ಪ್ರಶ್ನೆ ಒಂದು ಕೇಳಿದೆ. "ಮೊದಲು ಮಾಡ್ತಿದ್ದು, ಈಗ ಬಿಟ್ಟಿದ್ದು ಏನೇನು?" ಮೊದಲು "ಏನಿಲ್ಲವಾ" ಅಂದರು. ಬಟಾಣಿ ಬಿಡಿಸ್ತಾ ಬಿಡಿಸ್ತಾ ಒಂದೊಂದೇ ಹೊರಗೆ ಬಂತು. ನೆಲಕ್ಕೆ ಕೂತು ರೊಟ್ಟಿ ಬಡಿಯೋದು. ಬಾಗಿಲ ಮುಂದೆ ರಂಗೋಲಿ, ಈಗ ನಾನು ಸ್ಟಿಕ್ಕರ್ ಅಂಟಿಸಿದ್ದೇನೆ. ಪರ್ವತಿ ಗುಡ್ಡ, ಬಂದ ಮೊದಲ ವರ್ಷ ಪ್ರತಿ ಸೋಮವಾರ ಹತ್ತುತ್ತಿದ್ದರು. ಕೊನೆಗೆ ತಂಗಿ ಮನೆ.

ಅವರ ತಂಗಿ ಧಾರವಾಡದಲ್ಲೇ ಇದ್ದಾರೆ. ಅತ್ತೆ ಅಲ್ಲಿಗೆ ಹೋಗಿ ಎರಡು ವರ್ಷ ಆಯಿತು. "ಬಸ್ಸಿನಾಗ ಬ್ಯಾಸರ", "ಅಲ್ಲಿ ಸೊಳ್ಳಿ ಭಾಳ" ಅಂತ ಏನೇನೋ ಹೇಳ್ತಿದ್ದರು. ಇಬ್ಬರ ನಡುವೆ ಜಗಳ ಅಂತಲೇ ನಾವು ಮನೆಯವರೆಲ್ಲ ತಿಳಿದಿದ್ದೆವು. ಇವತ್ತು ಬಟಾಣಿ ಬುಟ್ಟಿ ನೋಡ್ತಾ ಹೇಳಿದರು: "ಅಕಿ ಮನ್ಯಾಗ ಕೂಡೋ ಪಾಯಖಾನಿ ಅದ. ಕೂತರ ಏಳಾಕ ಆಗೂದಿಲ್ಲ. ಯಾರನ್ನ ಕರೀಲಿ?"

ಮಡಗಾಂವ್ ಟೀಚರ್ (21:55)

ಅಯ್ಯೋ.

ವಾಸ್ಕೋ ಬಸಣ್ಣ (22:03)

ಅಕ್ಕಾರ, ಅದಕ್ಕೆ ಮಡಚೋ ಸ್ಟೂಲ್ ಬರ್ತದ, ನಡುವೆ ತೂತು ಇರೋದು. ಇಂಡಿಯನ್ ಪಾಯಖಾನೆ ಮೇಲೆ ಇಟ್ಟು ಕೂರಬಹುದು. ನಮ್ಮವ್ವನಿಗೆ ತಂದಿದ್ದೆ. ಕಬ್ಬಿಣದ್ದು ತಗೊಳ್ರಿ, ಪ್ಲಾಸ್ಟಿಕ್ ಒದ್ದೆ ನೆಲದ ಮೇಲೆ ಜಾರುತ್ತೆ. ಕಾಲಿಗೆ ರಬ್ಬರ್ ಬೂಟು ಇದೆಯಾ ಅಂತ ನೋಡ್ರಿ. ಪಕ್ಕದ ಗೋಡೆಗೆ ಒಂದು ಹಿಡಿ ಹಾಕಿಸಿದರೆ ಇನ್ನೂ ಚಲೋ.

ಕೊಥ್ರೂಡ್ ಸೊಸೆ (22:30)

ಈಗ ತಾನೇ ಆರ್ಡರ್ ಮಾಡಿದೆ, ಬಸಣ್ಣ. ಗುರುವಾರ ಬರುತ್ತಂತೆ. ಅತ್ತೆಗೆ ಫೋಟೋ ತೋರಿಸಿದೆ. ಕನ್ನಡಕ ಹಾಕಿಕೊಂಡು ಐದು ನಿಮಿಷ ನೋಡಿ, "ಎಷ್ಟ ಕಿಲೋ ತಡೀತದ?" ಅಂತ ಕೇಳಿದರು.